ಅಮ್ಮನ ಪುಟಕ್ಕೆ ಚಂದಾ

ಹೆಣ ಕೊಡುವುದಿಲ್ಲ ಅಂದರು.

ಪುಟದಕ್ಕ ಆಸ್ಪತ್ರೆಯ ಹಿಂಬದಿಯ ಕಿಟಕಿಯ ಮುಂದೆ ನಿಂತಿದ್ದಳು. ಕಿಟಕಿಗೆ ಕಂಬಿ. ಕಂಬಿಯ ಆಚೆ ಒಬ್ಬ ಗುಮಾಸ್ತ. ಗುಮಾಸ್ತನ ಬೆನ್ನ ಹಿಂದೆ ಒಂದು ತಗಡಿನ ಬಾಗಿಲು. ಆ ಬಾಗಿಲ ಒಳಗೆ, ತಣ್ಣನೆಯ ಕೋಣೆಯಲ್ಲಿ ಅವಳ ಅಮ್ಮ ಮಲಗಿದ್ದಳು. ಕೂಗಿದರೆ ಕೇಳುವಷ್ಟು ಹತ್ತಿರ.

"ಅವರು ನಿನಗೆ ಏನಾಗ್ಬೇಕು?" ಗುಮಾಸ್ತ ಕೇಳಿದ.

"ಅಮ್ಮ. ನನ್ನ ಹೆತ್ತಮ್ಮ."

"ಹಾಗಂತ ಎಲ್ಲಿ ಬರೆದಿದೆ?"

ಅವಳು ಕೈಚೀಲದಿಂದ ಗುರುತಿನ ಚೀಟಿ ತೆಗೆದು ಕಂಬಿಯ ಸಂದಿಯಲ್ಲಿ ತೂರಿಸಿದಳು. ಅವನು ಮೇಲೆ ಕೆಳಗೆ ನೋಡಿ ವಾಪಸು ತಳ್ಳಿದ. ಅದರಲ್ಲಿ ಅವಳ ಹೆಸರಿತ್ತು, ಅಪ್ಪನ ಹೆಸರಿತ್ತು. ಆ ಅಪ್ಪ ಅನ್ನುವ ಆಸಾಮಿ ಇವಳು ಅಂಬೆಗಾಲಿಡುವಾಗಲೇ ಕಾಲಿಗೆ ಬುದ್ಧಿ ಹೇಳಿದವನು. ಅವನ ಮೂಗು ಹೇಗಿತ್ತು ಅಂತಲೂ ಇವಳಿಗೆ ಗೊತ್ತಿಲ್ಲ. ಕಂಡವರ ಕೊಳಕು ಬಟ್ಟೆ ಒಗೆದು ಇವಳನ್ನು ಸಾಕಿದವಳ ಹೆಸರಿಗೆ ಆ ಚೀಟಿಯಲ್ಲಿ ಜಾಗವೇ ಇರಲಿಲ್ಲ.

ಅಮ್ಮ ಒಂದು ವಸತಿಗೃಹದಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಕಲ್ಲಿನ ಮೇಲೆಯೇ ಕುಸಿದಳು. ಎಲ್ಲಿ ತಮ್ಮ ತಲೆಗೆ ಬಂದೀತೋ ಎಂದು ವಸತಿಗೃಹದವರು ಅವಳನ್ನು ಬಾಡಿಗೆ ಗಾಡಿಗೆ ಹಾಕಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಇಳಿಸಿ ಹೋದರು. ಉಸಿರು ನಿಲ್ಲುವ ಮೊದಲು ಅಮ್ಮ ನರ್ಸಿಗೆ ತನ್ನ ಹೆಸರು ಹೇಳಿದಳು. ಮಗಳಿಗೆ ತಿಳಿಸಿ ಅಂದಳು. ನರ್ಸು ಹೆಸರು ಬರೆದುಕೊಂಡಳು, ಮಗಳ ವಿಷಯ ಬರೆದುಕೊಳ್ಳಲಿಲ್ಲ. ಪುಟದಕ್ಕ ಠಾಣೆ, ಆಸ್ಪತ್ರೆ ಅಂತ ಅಲೆದು ಹುಡುಕಿಕೊಂಡು ಬರುವ ಹೊತ್ತಿಗೆ ಅಮ್ಮ ತಗಡಿನ ಬಾಗಿಲ ಒಳಗೆ ಹೋಗಿ ಆಗಿತ್ತು.

ಬಾಗಿಲ ಬಳಿ ನಿಂತಿದ್ದ ಶವಾಗಾರದ ಮುದುಕ ಬಾಯಿ ಹಾಕಿದ. "ಮುಖ ನೋಡಿ ಸಾರ್. ಅಚ್ಚು ಹೊಡೆದ ಹಾಗಿದೆ. ಮಗಳೇ ಇವಳು."

"ಮುಖಕ್ಕೆ ಸೀಲ್ ಹಾಕೋಕಾಗುತ್ತೇನಯ್ಯ?" ಗುಮಾಸ್ತ ಅವನ ಬಾಯಿ ಮುಚ್ಚಿಸಿ ಇವಳ ಕಡೆ ತಿರುಗಿದ. "ನೋಡಮ್ಮ, ನಿನ್ನ ಜನನ ದಾಖಲೆ ತಗೊಂಡು ಬಾ. ಅದರಲ್ಲಿ ತಾಯಿ ಹೆಸರಿರುತ್ತೆ. ಹೊಂದಿದರೆ ಕರ್ಕೊಂಡು ಹೋಗು. ಇಲ್ಲದಿದ್ರೆ ವಾರಸುದಾರರಿಲ್ಲದ ಹೆಣ ಅಂತ ಆಗುತ್ತೆ. ನಾಳೆ ಸಂಜೆ ಕಾಲೇಜಿನ ಗಾಡಿ ಬರುತ್ತೆ."

"ಯಾವ ಕಾಲೇಜು?"

"ಡಾಕ್ಟರ್ ಓದೋ ಮಕ್ಕಳು ಕೊಯ್ದು ಕಲೀಬೇಕಲ್ಲ."

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ಹೊತ್ತು ಹೇಳುವವನ ಹಾಗೆ ಹೇಳಿದ. ಅಮ್ಮ ಮೈಮೇಲಿನ ಬಟ್ಟೆ ಸ್ವಲ್ಪ ಸರಿದರೂ ಸಾಯುವಷ್ಟು ನಾಚುತ್ತಿದ್ದ ಹೆಂಗಸು. ಬಚ್ಚಲಿಗೆ ಚಿಲಕ ಇಲ್ಲ ಅಂತ ಕತ್ತಲಾಗುವವರೆಗೆ ಕಾದು ಮೀಯುತ್ತಿದ್ದವಳು. ಅವಳನ್ನು ಬಿಚ್ಚಿ, ದೀಪದ ಕೆಳಗೆ, ಮೇಜಿನ ಮೇಲೆ ಮಲಗಿಸುತ್ತಾರೆ. ಸುತ್ತ ಹುಡುಗರು ನಿಲ್ಲುತ್ತಾರೆ.

ಅವಳು ನೇರ ಕುಳ್ಳಿಯ ಮನೆಗೆ ಓಡಿದಳು. ಕುಳ್ಳಿ ಅವಳ ಜೊತೆ ಒಂದೇ ಶೆಡ್ಡಿನಲ್ಲಿ ದುಡಿದವಳು. ಆಳು ಗಿಡ್ಡ, ಬಾಯಿ ಉದ್ದ. ಸುದ್ದಿ ಕೇಳಿದವಳೇ ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಹೊರಟಳು. ಇಬ್ಬರೂ ಜನನ ಮರಣ ಕಚೇರಿಗೆ ಹೋದರು.

ಕಚೇರಿಯ ಗೋಡೆಯ ಮೇಲೆ ಹಳೆಯ ಬೋರ್ಡು ಇನ್ನೂ ಇತ್ತು. 'ಇಲ್ಲಿನ ದಾಖಲೆಗಳು ಸಾರ್ವಜನಿಕರವು. ಯಾರು ಬೇಕಾದರೂ ನೋಡಬಹುದು.' ಬೋರ್ಡಿನ ಕೆಳಗಿನ ದಾಖಲೆ ಕೋಣೆಗೆ ಬೀಗ ಬಿದ್ದಿತ್ತು. ಹಿಂದೆ ಅಲ್ಲಿ ಒಬ್ಬ ಗುಮಾಸ್ತ ಕೂರುತ್ತಿದ್ದ. ಗೊಣಗಿಕೊಂಡೇ ಏಣಿ ಹತ್ತಿ, ರಿಜಿಸ್ಟರ್ ಇಳಿಸಿ, ಧೂಳು ಕೊಡವಿ ತೋರಿಸುತ್ತಿದ್ದ. ಗೊಣಗುತ್ತಿದ್ದ ನಿಜ, ಆದರೆ ಕಾಸು ಕೇಳುತ್ತಿರಲಿಲ್ಲ. ಈಗ ಬೀಗದ ಬಾಗಿಲಿಗೆ ಬಣ್ಣದ ಪೋಸ್ಟರ್ ಅಂಟಿಸಿದ್ದರು. ಬಿಳಿ ಗಡ್ಡದ ಒಬ್ಬ ಅಜ್ಜ, ತೊಡೆಯ ಮೇಲೆ ಗುಂಡು ಗುಂಡಾದ ಮೊಮ್ಮಗು, ಹಿಂದೆ ದೊಡ್ಡ ಮರ. 'ನಿಮ್ಮ ವಂಶದ ಬೇರು ಹುಡುಕಿಕೊಳ್ಳಿ. ಇಂದೇ ಚಂದಾದಾರರಾಗಿ.' ಮುತ್ತಜ್ಜ ಯಾವ ಕುದುರೆ ಹತ್ತಿದ್ದ ಅಂತ ತಿಳಿದು ಗೋಡೆಗೆ ತೂಗುಹಾಕುವ ಪುರುಸೊತ್ತು ಇರುವವರಿಗೆ ಹಾಕಿದ ಪೋಸ್ಟರ್ ಅದು.

"ಎಲ್ಲಾ ಆನ್‌ಲೈನ್ ಆಗಿದೆ," ಅಂದಳು ಮೇಜಿನ ಹಿಂದೆ ಕೂತ ಅಧಿಕಾರಿಣಿ. "ಕಂಪನಿಗೆ ವಹಿಸಿದ್ದೀವಿ. ಅವರ ಸೈಟಲ್ಲಿ ನೋಡ್ಕೊಳ್ಳಿ."

"ಅದಕ್ಕೆ ದುಡ್ಡು ಕೇಳ್ತಾರೆ ಮೇಡಂ. ಬೋರ್ಡಲ್ಲಿ ಯಾರು ಬೇಕಾದ್ರೂ ನೋಡಬಹುದು ಅಂತಿದೆ," ಅಂದಳು ಪುಟದಕ್ಕ.

"ನೋಡಬೇಡಿ ಅಂದ್ರಾ ಯಾರಾದ್ರೂ? ದುಡ್ಡು ಕಟ್ಟಿ, ನೋಡಿ."

"ಬೋರ್ಡು ಓದೋದಕ್ಕೆ ಮಾತ್ರ ಪುಕ್ಕಟೆ ಅನ್ನಿ," ಅಂದಳು ಕುಳ್ಳಿ. ಅಧಿಕಾರಿಣಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಕಂಪನಿಯನ್ನು ಇವರಿಗೆ ಯಾರೂ ಪರಿಚಯ ಮಾಡಿಸಬೇಕಾಗಿರಲಿಲ್ಲ. ಊರ ಅಂಚಿನ ಹಳೆಯ ಗೋದಾಮೊಂದನ್ನು ಕಂಪನಿ ಶೆಡ್ಡು ಮಾಡಿಕೊಂಡಿತ್ತು. ಇಬ್ಬರೂ ದುಡಿದದ್ದು ಅಲ್ಲೇ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಸಾಲಾಗಿ ಮೇಜು, ಮೇಜಿಗೊಂದು ಕ್ಯಾಮೆರಾ, ಎರಡು ಬದಿಗೂ ಧಗಧಗ ದೀಪ. ಫೋಟೋ ತೆಗೆಯಲು ಕಚೇರಿಯಿಂದ ಬಂದ ರಿಜಿಸ್ಟರುಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತು ಒಳಗೆ ತರಬೇಕು. ಆಮೇಲೆ ನಿಂತೇ ಕೆಲಸ. ಪುಟ ತಿರುಗಿಸು. ಒತ್ತಿ ಹಿಡಿ. ಕಾಲಿನಿಂದ ಪೆಡಲ್ ತುಳಿ. ಚಕ್ ಅನ್ನುತ್ತದೆ. ಮತ್ತೆ ತಿರುಗಿಸು. ಸಂಜೆಯ ಹೊತ್ತಿಗೆ ಕಾಲು ತನ್ನದಲ್ಲ ಅನ್ನಿಸುತ್ತಿತ್ತು. ದೀಪದ ಝಳಕ್ಕೆ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಹಳೆಯ ಕಾಗದದ ಧೂಳು ಕುಡಿದು ಕೆಮ್ಮಿದರೆ ಕಫ ಕಪ್ಪಗೆ ಬರುತ್ತಿತ್ತು. ಉಚ್ಚೆಗೆ ಹೋಗಬೇಕಾದರೆ ಮೇಸ್ತ್ರಿಯ ಮುಂದೆ ಕೈ ಎತ್ತಿ ನಿಲ್ಲಬೇಕು. "ಮತ್ತೇನಾ? ಈಗ ತಾನೆ ಹೋಗಿದ್ದೆ?" ಅಂತ ಅವನು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು.

"ಓದಬೇಡಿ. ನಿಮಗೆ ಸಂಬಳ ಕೊಡೋದು ಓದೋಕಲ್ಲ, ತಿರುಗಿಸೋಕೆ." ಇದು ಮೇಸ್ತ್ರಿಯ ಜಪ. ಎಲ್ಲರಿಗಿಂತ ಹೆಚ್ಚು ಪುಟ ತಿರುಗಿಸುತ್ತಾಳೆ ಎಂದೇ ಇವಳಿಗೆ ಪುಟದಕ್ಕ ಎಂಬ ಹೆಸರು ಬಿದ್ದದ್ದು. ಇಡೀ ಊರು ಹುಟ್ಟಿದ್ದು, ಸತ್ತದ್ದು ಇವಳ ಕೈ ಹಾದು ಹೋಯಿತು. ಕೆಲಸ ಮುಗಿಯುತ್ತಲೇ ಕಂಪನಿ ಎಲ್ಲರನ್ನೂ ಗೇಟಿನಾಚೆ ಬಿಟ್ಟು ಬಾಗಿಲು ಹಾಕಿಕೊಂಡಿತು.

ಪೇಟೆಯ ಕಂಪ್ಯೂಟರ್ ಅಂಗಡಿಯವನು ಪುಟದಕ್ಕನ ಹೆಸರು, ಹುಟ್ಟಿದ ವರ್ಷ ಕೇಳಿ ಟೈಪು ಮಾಡಿದ. ಪರದೆಯ ಮೇಲೆ ಒಂದು ಪುಟ ಮೂಡಿತು, ಮಂಜು ಮುಸುಕಿದ ಹಾಗೆ. ಪಕ್ಕದಲ್ಲಿ ಒಂದಿಷ್ಟು ಅಕ್ಷರ.

"ನಿಮ್ಮ ಹೆಸರು ಇದೆ. ತಂದೆ ಹೆಸರು ಇದೆ," ಅಂಗಡಿಯವನು ಓದಿದ. "ತಾಯಿ: ಚಂದಾದಾರರಿಗೆ ಮಾತ್ರ."

"ಏನಂದ್ರಿ?"

"ಹಾಗೇ ಬರೆದಿದೆ ಅಕ್ಕ. ಚಂದಾ ಕಟ್ಟಿದವರಿಗೆ ಮಾತ್ರ ತಾಯಿ ಹೆಸರು ಕಾಣುತ್ತೆ."

"ಅಪ್ಪಂದಿರು ಪುಕ್ಕಟೆ ಸಿಗ್ತಾರೆ ನೋಡು," ಅಂದಳು ಕುಳ್ಳಿ.

"ನನಗೆ ಒಂದೇ ಪುಟ ಸಾಕಪ್ಪ," ಅಂದಳು ಪುಟದಕ್ಕ. "ಒಂದು ಪುಟಕ್ಕೆ ಎಷ್ಟಾಗುತ್ತೋ ಅಷ್ಟು ಹೇಳು."

"ಒಂದು ಪುಟ ಅಂತ ಇಲ್ಲಕ್ಕ. ವರ್ಷದ್ದೇ ತಗೋಬೇಕು."

"ವರ್ಷವಿಡೀ ಏನು ನೋಡ್ಲಿ ನಾನು? ನನಗಿದ್ದದ್ದು ಒಬ್ಬಳೇ ಅಮ್ಮ."

ಅಂಗಡಿಯವನು ಕೈಚೆಲ್ಲಿದ. ಅವನ ಕೈಯಲ್ಲಿ ಏನೂ ಇರಲಿಲ್ಲ, ಪಾಪ.

ದುಡ್ಡು ಮನೆಯಲ್ಲಿ ಇತ್ತು. ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೇ. ಅಮ್ಮ ತನ್ನ ದಿಂಬಿನ ಹತ್ತಿಯ ನಡುವೆ ಒಂದು ಗಂಟು ಇಟ್ಟಿದ್ದಳು, ತನ್ನ ಮಣ್ಣಿಗೆ ಅಂತ. ಗುಂಡಿ ತೋಡುವವರಿಗೆ, ಮೈ ಮುಚ್ಚುವ ಹೊಸ ಬಟ್ಟೆಗೆ. "ನಾನು ಸತ್ತ ದಿನ ನೀನು ಯಾರ ಮುಂದೆಯೂ ಕೈ ಒಡ್ಡಬಾರದು" ಅನ್ನುತ್ತಿದ್ದಳು. ಮಗಳು ಸಿಟ್ಟು ಮಾಡಿಕೊಂಡರೆ, "ಸಾಯೋಕೂ ಕಾಸು ಬೇಕು ಕಣೆ" ಅಂತ ನಗುತ್ತಿದ್ದಳು. ಪುಟದಕ್ಕ ಮನೆಗೆ ಹೋಗಿ ದಿಂಬು ಹರಿದಳು. ಅದರಲ್ಲಿ ಇನ್ನೂ ಅಮ್ಮನ ತಲೆಯ ವಾಸನೆ ಇತ್ತು. ಗಂಟನ್ನು ತಂದು ಅಂಗಡಿಯ ಮೇಜಿನ ಮೇಲೆ ಬಿಚ್ಚಿದಳು. ಅಂಗಡಿಯವನು ಅದನ್ನು ಎತ್ತಿಟ್ಟುಕೊಂಡು ಕಂಪನಿಗೆ ಚಂದಾ ಕಟ್ಟಿದ.

ಮಂಜು ಸರಿಯಿತು. ಹಳದಿ ಪುಟ. ಉದ್ದಕ್ಕೂ ಗೆರೆ, ಗೆರೆಗೊಂದು ಕೂಸು. ಹುಟ್ಟಿದ ದಿನ, ಕೂಸಿನ ಹೆಸರು, ತಂದೆಯ ಹೆಸರು, ತಂದೆಯ ಕಸುಬು. ತಾಯಿಯ ಹೆಸರು ಕಟ್ಟಕಡೆಯ ಕಾಲಮ್ಮು, ಪುಟದ ಹೊರ ಅಂಚಿಗೆ. ಪುಟದ ನಡುವಿನ ಸಾಲಿನಲ್ಲಿ ಪುಟದಕ್ಕನ ಹೆಸರಿತ್ತು. ಅವಳು ಬೆರಳಿಟ್ಟುಕೊಂಡು ಸಾಲಿನ ಗುಂಟ ಹೋದಳು. ಕೊನೆಯ ಕಾಲಮ್ಮಿನಲ್ಲಿ, ಅಮ್ಮನ ಹೆಸರು ಇರಬೇಕಾದ ಜಾಗದಲ್ಲಿ, ಒಂದು ಹೆಬ್ಬೆರಳು ಕೂತಿತ್ತು.

ಫೋಟೋದೊಳಗಿನ ಹೆಬ್ಬೆರಳು. ಪುಟವನ್ನು ಒತ್ತಿ ಹಿಡಿದದ್ದು. ಅದಕ್ಕೊಂದು ಹಸಿರು ಬಟ್ಟೆಯ ಟೊಪ್ಪಿ, ಟೊಪ್ಪಿಯ ಅಂಚಿಗೆ ಕೆಂಪು ದಾರದ ಹೊಲಿಗೆ.

"ಯಾವುದೋ ದರಿದ್ರದ ಬೆರಳು," ಅಂದ ಅಂಗಡಿಯವನು. "ಅದಕ್ಕೇ ಪಕ್ಕದಲ್ಲಿ 'ತಾಯಿ: ಅಸ್ಪಷ್ಟ' ಅಂತ ಬಂದಿದೆ ನೋಡಿ."

ಪುಟದಕ್ಕ ತನ್ನ ಬಲಗೈ ಎತ್ತಿ ನೋಡಿಕೊಂಡಳು.

ಶೆಡ್ಡಿನಲ್ಲಿ ಮೊದಮೊದಲು ಪುಟ ಒತ್ತಲು ಗಾಜಿನ ಹಲಗೆ ಇತ್ತು. ಅದು ಒಡೆಯಿತು. ಹೊಸದು ತರಿಸಿ ಅಂದರೆ ಮೇಸ್ತ್ರಿ, "ದೇವರು ಕೈ ಯಾಕೆ ಕೊಟ್ಟಿದ್ದಾನೆ?" ಅಂದ. ಕೈಯಿಂದಲೇ ಒತ್ತಿದರು. ಒರಟು ಅಂಚಿಗೆ ಉಜ್ಜಿ ಉಜ್ಜಿ ಹೆಬ್ಬೆರಳ ಚರ್ಮ ಸುಲಿಯಿತು. ರಕ್ತ ಪುಟಕ್ಕೆ ತಾಗಿದರೆ ಸಂಬಳ ಮುರಿಯುತ್ತಿದ್ದರು. ಅದನ್ನು ನೋಡಲಾರದೆ ಅಮ್ಮ ತನ್ನದೊಂದು ಹಳೆಯ ಹಸಿರು ಬಟ್ಟೆ ಕತ್ತರಿಸಿ, ಮಗಳ ಬೆರಳಿಗೆ ಟೊಪ್ಪಿ ಹೊಲಿದು ಕೊಟ್ಟಿದ್ದಳು. ಹಳೆಯ ಪುಟ ಯಾವಾಗಲೂ ಹೊರ ಅಂಚಿನ ನಡುವಿನಲ್ಲಿ ಉಬ್ಬುತ್ತದೆ. ಅಲ್ಲಿ ಒತ್ತಿದರೆ ಮಾತ್ರ ತೆಪ್ಪಗೆ ಮಲಗುತ್ತದೆ. ಪುಟದಕ್ಕ ಇದನ್ನು ಕಂಡುಕೊಂಡು ಬೇರೆ ಹೆಂಗಸರಿಗೂ ಹೇಳಿಕೊಟ್ಟಿದ್ದಳು. ಮೇಸ್ತ್ರಿಯೂ ಭೇಷ್ ಅಂದಿದ್ದ. ಆ ಅಂಚಿನಲ್ಲಿ ಇರುವುದು ತಾಯಂದಿರು ಅಂತ ಯಾರೂ ಓದಿ ನೋಡಲಿಲ್ಲ. ಓದಬಾರದಿತ್ತಲ್ಲ.

"ಮುಂದಿನ ಪುಟ ತೋರ್ಸಿ," ಅಂದಳು ಕುಳ್ಳಿ.

ಅಲ್ಲೂ ಬೆರಳು. ಅದರ ಮುಂದಿನದರಲ್ಲೂ ಬೆರಳು. ಪುಟಕ್ಕೆ ಒಬ್ಬಳು ತಾಯಿ, ಬೆರಳ ಕೆಳಗೆ.

ಪುಟದಕ್ಕ ಹೆಬ್ಬೆರಳನ್ನು ಮೇಜಿನ ಅಂಚಿಗೆ ಇಟ್ಟು, ಇನ್ನೊಂದು ಕೈಯಿಂದ ಗುದ್ದಿದಳು. ಮತ್ತೆ ಗುದ್ದಿದಳು. ಕುಳ್ಳಿ ಹಾರಿ ಅವಳ ಕೈ ಹಿಡಿದುಕೊಂಡಳು. "ಬಿಡಕ್ಕ! ತಪ್ಪು ಬೆರಳದ್ದಲ್ಲ. ಗಾಜು ತರಿಸದೆ ಇದ್ದವರದ್ದು. ಅವರ ಬೆರಳು ಜಜ್ಜು, ನಾನೂ ಬರ್ತೀನಿ." ಅಷ್ಟು ಹೊತ್ತು ತಡೆದಿದ್ದ ಪುಟದಕ್ಕ ಆಗ ಅತ್ತಳು. ಅಂಗಡಿಯ ನೆಲದ ಮೇಲೆ ಕೂತು, ಬಾಯಿ ತೆರೆದು, ಹಸುಗೂಸಿನ ಹಾಗೆ ಅತ್ತಳು. ಅಂಗಡಿಯವನು ಸದ್ದಿಲ್ಲದೆ ಪುಟವನ್ನು ಪ್ರಿಂಟ್ ತೆಗೆದು ಕೈಗೆ ಕೊಟ್ಟ.

ಮಾರನೆಯ ಬೆಳಿಗ್ಗೆ ಇಬ್ಬರೂ ಕಂಪನಿಯ ಬಾಗಿಲಿಗೆ ಹೋದರು. ಬಹಳ ಹೊತ್ತು ಹೊರಗೆ ನಿಲ್ಲಿಸಿದ ಮೇಲೆ, ಟೈ ಕಟ್ಟಿದ ಒಬ್ಬ ಒಳಗೆ ಕರೆದ. ಅವನು ಪ್ರಿಂಟನ್ನು ತುದಿ ಬೆರಳಲ್ಲಿ ಹಿಡಿದು ನೋಡಿದ.

"ಚಿತ್ರ ಸರಿ ಬಂದಿಲ್ಲ ಅಂತ ಸೈಟಲ್ಲೇ ದೂರು ಹಾಕಿ. ಪರಿಶೀಲಿಸಿ ಉತ್ತರ ಕಳಿಸ್ತಾರೆ."

"ಯಾವಾಗ?"

"ಸರದಿ ಪ್ರಕಾರ."

"ಇವತ್ತು ಸಂಜೆ ನಮ್ಮಮ್ಮನ್ನ ಕೊಯ್ಯೋಕೆ ತಗೊಂಡು ಹೋಗ್ತಾರೆ ಸಾರ್. ಅಸಲು ರಿಜಿಸ್ಟರ್ ತೆಗೀರಿ. ಒಂದೇ ಒಂದು ಸಲ ಆ ಪುಟ ತೆಗೀರಿ."

"ಅಸಲು ಎಲ್ಲಿದೆ ಈಗ? ಸ್ಕ್ಯಾನ್ ಆದ ಮೇಲೆ ವಿಲೇವಾರಿ ಆಯ್ತು."

ವಿಲೇವಾರಿ ಅಂದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಕೊನೆಯ ವಾರ ರಿಜಿಸ್ಟರುಗಳ ಬೆನ್ನು ಕತ್ತರಿಸಿ, ಹಗ್ಗದಿಂದ ಬಿಗಿದು, ರದ್ದಿ ಕಾಗದದ ಲಾರಿಗೆ ಏರಿಸಿದವರು ಈ ಹೆಂಗಸರೇ. ಭುಜದ ಮೂಳೆಯ ಮೇಲೆ ಹಗ್ಗದ ಬರೆ ಎದ್ದಿತ್ತು. ಪುಟದಕ್ಕ ಹುಟ್ಟಿದ್ದು ಯಾವ ಕಟ್ಟಿನಲ್ಲಿತ್ತೋ, ಅದನ್ನು ಅವಳೇ ಹೊತ್ತಳೋ, ಕುಳ್ಳಿ ಹೊತ್ತಳೋ. ಲೋಕದಲ್ಲಿ ಅಮ್ಮನ ಹೆಸರು ತನ್ನ ಹೆಸರಿನ ಪಕ್ಕ ಬರೆದಿದ್ದ ಒಂದೇ ಒಂದು ಜಾಗ ಗಿರಣಿಯಲ್ಲಿ ಅರೆದು ಗಂಜಿಯಾಗಿತ್ತು.

"ಬೆರಳು ನನ್ನದೇ ಸಾರ್," ಪುಟದಕ್ಕ ಗೋಗರೆದಳು. "ಅದರ ಕೆಳಗಿರೋದು ನಮ್ಮಮ್ಮನ ಹೆಸರೇ ಅಂತ ಒಂದು ಕಾಗದ ಬರ್ಕೊಡಿ. ನಿಮ್ಮ ಶೆಡ್ಡಲ್ಲೇ ದುಡಿದವಳು ನಾನು."

ಟೈ ಕಟ್ಟಿದವನು ಈಗ ಅವಳ ಮುಖ ನೋಡಿದ. "ನಿನ್ನದೇ ಅಂತ ಒಪ್ಕೋತೀಯಾ? ಬರ್ಕೊಡು ಹಾಗಾದ್ರೆ. ಕಂಪನಿಯ ಚಿತ್ರ ಹಾಳು ಮಾಡಿದ್ದಕ್ಕೆ ಕೇಸು ನಿನ್ನ ಮೇಲೇ ಆಗುತ್ತೆ."

ಕುಳ್ಳಿ ಬಾಯಿಗೆ ಬಂದದ್ದೆಲ್ಲ ಅಂದಳು. ಅವನ ವಂಶದ ಬೇರನ್ನು ಚಂದಾ ಇಲ್ಲದೆ ಕಿತ್ತು ಬಿಸಾಕಿದಳು. ಕಾವಲಿನವರು ಇಬ್ಬರನ್ನೂ ರಟ್ಟೆ ಹಿಡಿದು ಬೀದಿಗೆ ದಬ್ಬಿದರು.

ಆಸ್ಪತ್ರೆಯ ಕಿಟಕಿಗೆ ಬರುವಾಗ ಬಿಸಿಲು ಇಳಿಯುತ್ತಿತ್ತು. ಸಾಲಿನಲ್ಲಿ ಬೇರೆ ಬೇರೆ ಹೆಣಗಳಿಗೆ ಕಾದು ನಿಂತ ಜನ. ದಾರಿಯಲ್ಲಿ ಕುಳ್ಳಿ ಶೆಡ್ಡಿನ ಹೆಂಗಸರಿಗೆಲ್ಲ ಫೋನು ಮಾಡಿದ್ದಳು. ಒಬ್ಬೊಬ್ಬರೇ ಬಂದು ಗೋಡೆಗೆ ಒರಗಿ ನಿಂತಿದ್ದರು. ಯಾರದೋ ತಳ್ಳುಗಾಡಿಯೂ ಬಂದಿತ್ತು.

ಗುಮಾಸ್ತ ಪ್ರಿಂಟ್ ನೋಡಿದ. "ತಾಯಿ ಎಲ್ಲಿ?"

"ಬೆರಳ ಕೆಳಗೆ."

"ಬೆರಳು ತೆಗಿ ಮತ್ತೆ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪುಟದಕ್ಕ ನಗಲಿಲ್ಲ. ಅವಳು ಆ ಕಾಗದವನ್ನು ಗೋಡೆಗೆ ಒತ್ತಿ, ಉಗುರಿನಿಂದ ಆ ಬೆರಳನ್ನು ಕೆರೆಯತೊಡಗಿದಳು. ನಿಜವಾಗಿಯೂ ಕೆರೆದಳು. ತಲೆ ಕೆಟ್ಟವಳ ಹಾಗೆ ಕೆರೆದಳು. ಹಸಿರು ಬಣ್ಣ ಎದ್ದು ಬಂತು, ಕಾಗದ ಹರಿಯಿತು. ಆ ಜಾಗದಲ್ಲಿ ಒಂದು ತೂತು ಉಳಿಯಿತು. ನಕ್ಕವನು ತಲೆ ತಗ್ಗಿಸಿದ.

ಗುಮಾಸ್ತನಿಗೂ ಏನೋ ಆಯಿತು. ಅವನು ಕಂಬಿಗೆ ಮುಖ ತಂದು ದನಿ ಇಳಿಸಿದ. "ನೋಡಮ್ಮ, ಒಂದು ದಾರಿ ಇದೆ. ಅನಾಥ ಹೆಣಗಳನ್ನ ಮಣ್ಣು ಮಾಡೋ ಪುಣ್ಯವಂತರು ಬರ್ತಾರೆ. ಅವರಿಗೆ ಕೊಡ್ತೀವಿ. ಯಾವ ದಾಖಲೆನೂ ಬೇಡ. ಈ ಪುಸ್ತಕದಲ್ಲಿ ಸಹಿ ಹಾಕು, ಕರ್ಕೊಂಡು ಹೋಗು." ಪುಸ್ತಕ ತಿರುಗಿಸಿ, ಸಾಲಿನ ಮೇಲೆ ಬೆರಳಿಟ್ಟು ಓದಿದ. "'ಮೃತಳಿಗೂ ನನಗೂ ಯಾವ ಸಂಬಂಧವೂ ಇಲ್ಲ. ಧರ್ಮಕ್ಕಾಗಿ ಶವವನ್ನು ಪಡೆಯುತ್ತಿದ್ದೇನೆ.' ಇಷ್ಟೇ."

"ಹಾಕಿಬಿಡಕ್ಕ," ಕುಳ್ಳಿ ಕಿವಿಯಲ್ಲಿ ಅಂದಳು. "ಬರೀ ಕಾಗದ ತಾನೆ? ಗಾಡಿ ಬಂದುಬಿಡುತ್ತೆ."

ಪುಟದಕ್ಕ ಪೆನ್ನು ತೆಗೆದುಕೊಂಡಳು. ಕುಳ್ಳಿ ಹೇಳಿದ್ದು ಸರಿ ಅಂತಲೂ ಅನ್ನಿಸಿತು. ಅಮ್ಮ ಸಿಕ್ಕರೆ ಸಾಕು. ಯಾರಿಗೆ ಗೊತ್ತಾಗಬೇಕು? ಆದರೆ ಅವಳು ಪುಟ ತಿರುಗಿಸಿ ಬದುಕಿದವಳು. ಕಾಗದ ಎಲ್ಲಿಗೆ ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಈ ಪುಸ್ತಕವೂ ಒಂದು ದಿನ ಯಾವುದೋ ಶೆಡ್ಡಿಗೆ ಹೋಗುತ್ತದೆ. ಯಾವಳೋ ನಿಂತು ದೀಪದ ಕೆಳಗೆ ಒತ್ತುತ್ತಾಳೆ. ಈ ಸಾಲಿನ ಮೇಲೆ ಮಾತ್ರ ಯಾರ ಬೆರಳೂ ಬೀಳುವುದಿಲ್ಲ. ಚಂದಾ ಕಟ್ಟಿದವರಿಗೆಲ್ಲ ಸ್ಪಷ್ಟವಾಗಿ ಕಾಣುತ್ತದೆ: ಇವಳಿಗೂ ಅವಳಿಗೂ ಯಾವ ಸಂಬಂಧವೂ ಇಲ್ಲ.

ಪೆನ್ನನ್ನು ಕಂಬಿಯೊಳಗೆ ವಾಪಸು ಎಸೆದಳು. "ಹಾಕಲ್ಲ."

"ಬೇರೆ ದಾರಿ ಇಲ್ಲಮ್ಮ."

"ನಾನು ಪುಣ್ಯಕ್ಕೆ ಬಂದವಳಲ್ಲ. ಮಗಳು. ಹಾಕಲ್ಲ."

ಅವಳು ಕಿಟಕಿ ಬಿಟ್ಟು, ಕಟ್ಟಡ ಸುತ್ತಿ, ತಣ್ಣನೆಯ ಕೋಣೆಯ ಹೊರಬಾಗಿಲಿಗೆ ನಡೆದಳು. ಹೆಂಗಸರು ಹಿಂದೆಯೇ ಬಂದರು. ಶವಾಗಾರದ ಮುದುಕ ಅಗುಳಿಗೆ ಕೈ ಅಡ್ಡ ಇಟ್ಟು ನಿಂತಿದ್ದ.

"ನನ್ನ ಕೆಲಸ ಹೋಗುತ್ತಮ್ಮ," ಅಂದ.

"ನನ್ನ ಅಮ್ಮನೇ ಹೋಗಿದ್ದಾಳೆ ತಾತ."

ಮುದುಕ ಅವಳ ಮುಖವನ್ನು ನೋಡಿದ. ಹಿಂದಿನ ದಿನವೇ ಆ ಮುಖ ಓದಿದ್ದವನು ಅವನೊಬ್ಬನೇ. ಅವನು ಅಗುಳಿ ತೆಗೆದ. ತೆಗೆದವನು ಸುಮ್ಮನೆ ನಿಲ್ಲಲೂ ಇಲ್ಲ. "ತಲೆ ಕಡೆ ನೀನು ಹಿಡಿ, ಕಾಲು ನಾನು ಹಿಡೀತೀನಿ," ಅಂದ.

ಅಮ್ಮ ಕಲ್ಲಿನ ಹಾಗೆ ತಣ್ಣಗಿದ್ದಳು. ಅಂಗೈಯಲ್ಲಿ ಸೋಪು ತಿಂದ ಬಿರುಕುಗಳು ಹಾಗೇ ಇದ್ದವು. ಕಾಲಿನ ಹೆಬ್ಬೆರಳಿಗೆ 'ವಾರಸುದಾರರಿಲ್ಲ' ಅಂತ ಬರೆದ ಚೀಟಿ ಕಟ್ಟಿದ್ದರು. ಗಂಟು ಬಿಚ್ಚಲು ಬರಲಿಲ್ಲ. ಪುಟದಕ್ಕ ಬಗ್ಗಿ, ಹಲ್ಲಿನಿಂದ ದಾರ ಕಡಿದು ಉಗಿದಳು. ಕುಳ್ಳಿ ಬೆಳಿಗ್ಗೆಯೇ ಚೀಲದಲ್ಲಿ ತಂದಿದ್ದ ತನ್ನ ಮನೆಯ ಹೊದಿಕೆ ಹೊದಿಸಿದಳು. ತಳ್ಳುಗಾಡಿಯ ಮೇಲೆ ಮಲಗಿಸಿ ಹೆಂಗಸರು ತಳ್ಳಿಕೊಂಡು ಹೊರಟರು. ಗುಮಾಸ್ತ ಹೊರಗೆ ಓಡಿ ಬಂದು ಫೋನಿನಲ್ಲಿ ಕೂಗುತ್ತಿದ್ದ. ಗೇಟಿನಲ್ಲಿ ಕಾಲೇಜಿನ ಗಾಡಿ ಒಳಗೆ ಬರುತ್ತಿತ್ತು. ಇಷ್ಟು ಹೆಂಗಸರು ಎದುರಾದದ್ದು ಕಂಡು ಚಾಲಕ ಗಾಡಿಯನ್ನು ಬದಿಗೆ ತೆಗೆದ.

ಬಡವರನ್ನು ಹೂಳುವ ಜಾಗಕ್ಕೆ ಬೇಲಿಯೂ ಇಲ್ಲ, ಕಾವಲೂ ಇಲ್ಲ. ಗುಂಡಿ ತೋಡುವವರಿಗೆ ಕೊಡಲು ದುಡ್ಡೂ ಇರಲಿಲ್ಲ. ಅದು ಚಂದಾಕ್ಕೆ ಹೋಗಿತ್ತು. ಒಂದು ಹಾರೆ, ಒಂದು ಸಲಿಕೆ ಸಿಕ್ಕವು. ಉಳಿದವರು ತಗಡಿನ ಚೂರು, ಕೈ, ಏನು ಸಿಕ್ಕಿತೋ ಅದರಿಂದ ತೋಡಿದರು. ನೆಲ ಗಟ್ಟಿ. ಉಗುರಿನ ಸಂದಿಗೆ ಕಲ್ಲು ಹೊಕ್ಕು ರಕ್ತ ಬಂತು. ಈ ಸಲ ಯಾರೂ ಸಂಬಳ ಮುರಿಯಲಿಲ್ಲ. ಸೊಂಟ ಮುಳುಗುವಷ್ಟು ಆದ ಮೇಲೆ ಪುಟದಕ್ಕ ಗುಂಡಿಗೆ ಇಳಿದು ಅಮ್ಮನನ್ನು ಎದೆಗವಚಿ ಮಲಗಿಸಿದಳು. ಹೊದಿಕೆಯನ್ನು ಕಾಲಿನವರೆಗೂ ಎಳೆದು, ಎಲ್ಲೂ ಸರಿಯದ ಹಾಗೆ ಮೈಯ ಅಡಿಗೆ ಸಿಕ್ಕಿಸಿದಳು. ಮೇಲೆ ಬಂದು ಮೊದಲ ಹಿಡಿ ಮಣ್ಣು ಹಾಕಿದಳು.

ಮಣ್ಣು ಎಳೆದು ಮುಗಿಯುವ ಹೊತ್ತಿಗೆ ಪೊಲೀಸ್ ಜೀಪು ಬಂತು. ಒಬ್ಬ ಅಧಿಕಾರಿ, ಇಬ್ಬರು ಪೇದೆಗಳು.

"ಆಸ್ಪತ್ರೆಯಿಂದ ಹೆಣ ಕದ್ದಿದ್ದೀರಿ ಅಂತ ದೂರು ಬಂದಿದೆ. ಯಾರು ಕದ್ದದ್ದು?"

"ನಾನು," ಅಂದಳು ಪುಟದಕ್ಕ.

"ಹೆಣ ತೆಗೀಬೇಕಾಗುತ್ತೆ."

"ತೆಗೀರಿ," ಅಂದಳು ಕುಳ್ಳಿ. ಅವಳ ಮೊಣಕೈವರೆಗೂ ಮಣ್ಣು. "ನಾವು ಕೈಯಲ್ಲಿ ತೋಡಿದ್ದೀವಿ. ನೀವೂ ಬಗ್ಗಿ, ತೋಡಿ."

ಅಧಿಕಾರಿ ಪೇದೆಗಳ ಕಡೆ ನೋಡಿದ. ಪೇದೆಗಳು ತಮ್ಮ ಬೂಟಿನ ಕಡೆ ನೋಡಿಕೊಂಡರು. ಗುಂಡಿಯ ಸುತ್ತ ನಿಂತ ಹೆಂಗಸರಲ್ಲಿ ಒಬ್ಬರೂ ಕದಲಲಿಲ್ಲ. ಅಧಿಕಾರಿ ನಿಟ್ಟುಸಿರು ಬಿಟ್ಟು, ಜೀಪಿನ ಮುಂಭಾಗದ ಮೇಲೆ ಕಾಗದ ಇಟ್ಟು ಪೆನ್ನು ತೆಗೆದ.

"ಯಾರ ಹೆಣ ಕದ್ದೆ?"

"ನಮ್ಮಮ್ಮಂದು."

"ಹೆಸರು?"

ಅವಳು ಅಮ್ಮನ ಹೆಸರು ಹೇಳಿದಳು. ಅವನು ಬರೆದುಕೊಂಡ.

"ನಿನ್ನ ಹೆಸರು? ತಂದೆ ಹೆಸರು?"

ಹೆಸರು ಹೇಳಿದಳು. "ತಂದೆ ಬೇಡ," ಅಂದಳು. "ಇವಳ ಮಗಳು ಅಂತ ಬರೀರಿ."

"ಹಾಗೆಲ್ಲ ಬರೆಯೋಕಾಗಲ್ಲಮ್ಮ. ನಮ್ಮಲ್ಲಿ ತಂದೆ ಹೆಸರೇ ಹಾಕೋದು."

"ಹಾಗಾದ್ರೆ ನಾನು ಕದ್ದಿಲ್ಲ. ನೀವು ಸಾಬೀತು ಮಾಡ್ಕೊಳ್ಳಿ. ಇವಳ ಮಗಳು ಅಂತ ಬರೆದ್ರೆ ಕದ್ದಿದ್ದೀನಿ ಅಂತ ಒಪ್ಕೊಂಡು ಈಗಲೇ ಸಹಿ ಹಾಕ್ತೀನಿ. ಎಷ್ಟು ದಿನ ಬೇಕಾದ್ರೂ ಒಳಗೆ ಹಾಕಿ."

ಅವನಿಗೆ ಸಾಕಾಗಿತ್ತು. ಮನೆಗೆ ಹೋಗಬೇಕಿತ್ತು. 'ತಂದೆ' ಅನ್ನುವುದನ್ನು ಹೊಡೆದು ಹಾಕಿ, ಮತ್ತೆ ಬರೆದು, ಕಾಗದವನ್ನು ಅವಳ ಮುಂದೆ ಹಿಡಿದ.

"ಓದಿ ಹೇಳಿ," ಅಂದಳು ಪುಟದಕ್ಕ.

ಅವನು ಓದಿದ. ಮೊದಲು ಅಮ್ಮನ ಹೆಸರು. ಆಮೇಲೆ 'ಇವಳ ಮಗಳಾದ'. ಆಮೇಲೆ ಅವಳ ಹೆಸರು. "...ತನ್ನ ಸ್ವಂತ ತಾಯಿಯ ಶವವನ್ನು ಆಸ್ಪತ್ರೆಯಿಂದ ಕದ್ದು ಹೂತಿರುವುದಾಗಿ ಒಪ್ಪಿಕೊಂಡಿರುತ್ತಾಳೆ."

"ಇನ್ನೊಂದ್ಸಲ ಓದಿ."

ಅವನು ಇನ್ನೊಂದು ಸಲ ಓದಿದ. ಹೆಂಗಸರೆಲ್ಲ ಕೇಳಿಸಿಕೊಂಡರು. ಪುಟದಕ್ಕ ಮಣ್ಣಿನ ಕೈಯಲ್ಲೇ ಸಹಿ ಹಾಕಿ ಜೀಪು ಹತ್ತಿದಳು.